ಬಣ್ಣಕ್ಕೆ ಬಿದ್ದ ಕುಳಿ

ಅಮಾವಾಸ್ಯೆ ಕಳೆದ ನಾಲ್ಕನೇ ದಿನ ಬೆಳಿಗ್ಗೆ 9.40ಕ್ಕೆ, ಟ್ರ್ಯಾಕ್ಟರಿಗೆ ಬಣ್ಣ ಹೊಡೆಯುವ ಅಂಗಡಿಯ ಶಿವವ್ವ ಬನಹಟ್ಟಿ ಪೊಲೀಸ್ ಠಾಣೆಯ ಮೆಟ್ಟಿಲೇರಿದಳು.

"ಅಮಾಸಿಗೆ ಅಂಗಡಿ ಮುಚ್ಚಿದ್ನಿರಿ. ಅಲ್ಲಿಂದ ಮೂರು ದಿನಕ್ಕ ಮೂರು ಟ್ರ್ಯಾಕ್ಟರ್ ಕೆಟ್ಟಾವ್ರಿ. ಬಣ್ಣ ಹೊಡದ ಕೂಡ್ಲೆ ಕುಳಿ ಬೀಳಾಕತ್ತಾವ. ಯಾರೋ ಎಣ್ಣಿ ಹಾಕ್ಯಾರ."

ಸಂಜೆಯೊಳಗೆ ಬಾನೆಟ್ ಸರಿಯಾಗದಿದ್ದರೆ ಮುಧೋಳದ ಗಿರಾಕಿ ಟ್ರ್ಯಾಕ್ಟರನ್ನು ಹಾಗೇ ವಾಪಸ್ ಒಯ್ಯುವವನಿದ್ದ. ಆಮೇಲೆ ಹೆಂಗಸಿನ ಕೈಗೆ ಯಾರೂ ಗಾಡಿ ಕೊಡರು; ಐದು ತಿಂಗಳ ಅಂಗಡಿಗೆ ಬೀಗವೇ ಗತಿ.

ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಹೆಡ್ ಕಾನ್‌ಸ್ಟೇಬಲ್ ಜಕ್ಕಪ್ಪ ಒಳಗೊಳಗೇ ನಕ್ಕ. ಪಿಎಸ್‌ಐ ಸಂಧ್ಯಾ ನಗಲಿಲ್ಲ. ಅತಿಕ್ರಮ ಪ್ರವೇಶ, ಹಾನಿ ಎಂದು ಎಫ್‌ಐಆರ್ ದಾಖಲಿಸಿ, ಪಂಚನಾಮೆಗೆ ಅವನನ್ನೇ ಕರೆದೊಯ್ದರು.

11.15. ಅಂಗಡಿಯಲ್ಲಿ, ಪಂಚ ಸಾಕ್ಷಿಗಳ ಎದುರು ಶಿವವ್ವ ತಗಡೊಂದನ್ನು ತಿಕ್ಕಿ, ಥಿನ್ನರಿನಿಂದ ಒರೆಸಿ, ತನ್ನ ಕಂಪ್ರೆಸರಿನ ಗಾಳಿಯಿಂದ ಅರ್ಧಕ್ಕೆ ಬಣ್ಣ ಹೊಡೆದಳು. ಬಣ್ಣ ಕೂಡಿಕೊಳ್ಳದೆ ಮೀನಿನ ಕಣ್ಣಿನಂಥ ಕುಳಿ ಬಿದ್ದವು. ಬಣ್ಣದ ಸ್ಪ್ರೇ ಗನ್ ತೊಳೆದು, ಪಕ್ಕದ ಪಂಕ್ಚರ್ ಅಂಗಡಿಯ ಗಾಳಿಯಿಂದ ಉಳಿದರ್ಧಕ್ಕೆ ಅದೇ ಬಣ್ಣ ಹೊಡೆದಳು. ನುಣ್ಣಗೆ ಕೂತಿತು.

"ತಪ್ಪು ಬಣ್ಣದ್ದಲ್ರಿ, ಗಾಳಿದು."

ಜಕ್ಕಪ್ಪನಿಗೆ ತನ್ನ ನಗುವಿಗೆ ತಾನೇ ನಾಚಿಕೆಯಾಯಿತು.

ಕಂಪ್ರೆಸರಿನ ಹಿಂದೆ, ಗಾಳಿಯ ನೀರು ಸೋಸುವ ಬಟ್ಟಲು ಬಿಚ್ಚಿದರೆ ಒಳಗೆ ಮಗ್ಗದ ಎಣ್ಣೆ! ಪೈಪಿಗೆ ಅವಳು ತಂತಿ ಬಿಗಿದಿದ್ದಳಂತೆ. ಎಣ್ಣೆ ಹಾಕಲು ಯಾರೋ ಅದನ್ನು ಬಿಚ್ಚಿ ಮತ್ತೆ ಕಟ್ಟಿದ್ದರು; ಈಗ ಅಲ್ಲಿ ನೂಲಿತ್ತು, ನೇಕಾರರು ಕಡಿದ ಎಳೆಗೆ ಹಾಕುವ ಗಂಟಿತ್ತು. ಅದನ್ನು ಕಂಡವಳು ಮುಖ ಆಚೆ ತಿರುಗಿಸಿದಳು.

"ಯಾರ ಗಂಟವ್ವಾ?" ಜಕ್ಕಪ್ಪ ಕೇಳಿದ.

"ಊರ ತುಂಬ ನೇಕಾರರ ಅದಾರ್ರಿ."

"ನಿನ್ನ ಮಾರಿ ಒಬ್ಬನ ಹೆಸರ ಹೇಳಾಕತ್ತೈತಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಳಿ ಉಲ್ಟಾ ತಿರುವ್ಯಾರ್ರಿ. ನಮ್ಮಣ್ಣ ಸಿದ್ದಾರೂಢ ಎಡಚ. ಅಂಗಡಿ ಕೀಲಿನೂ ಮನ್ಯಾಗ ಇರ್ತೈತಿ."

2.30. ಮಗ್ಗದ ಮನೆಯಲ್ಲಿ ಸಿದ್ದಾರೂಢನ ವಿಚಾರಣೆ.

"ಅಮಾಸಿ ದಿನ ಎಲ್ಲಿದ್ದಿ?" ಸಂಧ್ಯಾ ಕೇಳಿದರು.

"ಮಗ್ಗ ಬಂದ್ ಇತ್ರಿ. ಮನ್ಯಾಗಿದ್ನಿ."

"ಈ ನೂಲಿಗೆ ಗಂಟ ಹಾಕು."

ಬೆರಳುಗಳು ರೂಢಿಯಂತೆ ಹಾಕಿಯೇ ಬಿಟ್ಟವು. ಜಪ್ತಿಯಾದ ಗಂಟನ್ನು ಪಕ್ಕಕ್ಕಿಟ್ಟಾಗ ಎರಡರಲ್ಲೂ ಅದೇ ಉಲ್ಟಾ ತಿರುವು. ಸಿದ್ದಾರೂಢ ತಲೆ ತಗ್ಗಿಸಿದ. 3.10ಕ್ಕೆ ದಸ್ತಗಿರಿ.

"ನಾಕು ಮಗ್ಗ ಇಬ್ರೂ ನಡಸ್ತಿದ್ವಿರಿ. ಆಕಿ ಬಿಟ್ಟಮ್ಯಾಲ ಎರಡು ನಿಂತಾವ. ಒಬ್ಬನ ಕುಂತ್ರ ಮನಿ ಹಾಳ ಸುರೀತೈತ್ರಿ. ಅಂಗಡಿ ಮುಚ್ಚಿದ್ರ ತಿರುಗಿ ಬರ್ತಾಳಂತ..."

ಜಕ್ಕಪ್ಪ ಅದನ್ನು ಒಂದಕ್ಷರ ಬಿಡದೆ ಬರೆದುಕೊಂಡ.

ಆರಕ್ಕೆ ಶಿವವ್ವ ಠಾಣೆಗೆ ಬಂದಳು. ಪಂಕ್ಚರ್ ಅಂಗಡಿಯ ಗಾಳಿಯಲ್ಲೇ ಬಾನೆಟ್ ಮುಗಿಸಿದ್ದಳು. ಮುಧೋಳದವನು ಮೆಚ್ಚಿ ಒಯ್ದಿದ್ದ. ಅಣ್ಣ ಮುಖ ಎತ್ತಲಿಲ್ಲ.

"ಜಾಮೀನ ಆತಂದ್ರ ನಾಳಿ ಅಂಗಡಿಗೆ ಬಾರಣ್ಣ. ಇನ್ನೆರಡು ಟ್ರ್ಯಾಕ್ಟರ್ ತಿಕ್ಕೂದೈತಿ," ಎಂದಳು. "ಸಂಜೀಕ ಒಂದೆರಡು ತಾಸು ನಾ ಮಗ್ಗಕ್ಕ ಬರ್ತೇನಿ."