ಏಣಿಯ ಮೇಲಿರುವವರ ಗಮನಕ್ಕೆ

ಎಡಗೈಯಲ್ಲಿ ಕಂಬವನ್ನು ತಬ್ಬಿಕೊಂಡು ಬಲಗೈಯಲ್ಲಿ ಹಳೆಯ ದೀಪದ ಕೊನೆಯ ಬೋಲ್ಟು ತಿರುಗಿಸುತ್ತಿದ್ದಾಗ ಪಾನುವಿನ ಕಿವಿಯ ಪಕ್ಕದಲ್ಲೇ ಒಬ್ಬ ಹೆಂಗಸು ಕೂಗಿದಳು.

"ನೊಂಗ್ ಬುವಾ ಪುರಸಭೆಯ ಸಮಸ್ತ ಬಂಧುಗಳಿಗೆ ನಮಸ್ಕಾರ."

ಸ್ಪ್ಯಾನರ್ ಕೈಜಾರಿ ಕೆಳಗಿದ್ದ ಐಸ್ ಗಾಡಿಯ ತಗಡಿಗೆ ಬಡಿಯಿತು. ಐಸ್ ಮಾರುವವನು ಮೇಲೆ ನೋಡಿ, ಹೊಸಬ ಎಂದು ತೀರ್ಮಾನಿಸಿ, ಗಾಡಿಯನ್ನು ಮುಂದಕ್ಕೆ ತಳ್ಳಿದ. ದೀಪದ ಕೆಳಗೆ ಕಟ್ಟಿದ್ದ ಪುರಸಭೆಯ ಧ್ವನಿವರ್ಧಕ ಸಂಜೆಯ ಸುದ್ದಿ ಶುರುಮಾಡಿತ್ತು. ಪಾನು ಅದರ ತಂತಿಯ ಗಂಟು ಬಿಚ್ಚಿದ. ಸ್ವರ ಅರ್ಧ ಪದಕ್ಕೆ ನಿಂತಿತು. ಬೇರೆ ಓಣಿಗಳಲ್ಲಿ ಅದು ಇನ್ನೂ ಹೋಗುತ್ತಿತ್ತು, ದೂರದಲ್ಲಿ, ನೀರಿನೊಳಗಿಂದ ಬಂದಂತೆ. ಅವನು ಹೊಸ ಎಲ್‌ಇಡಿ ದೀಪ ಕೂರಿಸಿದ, ತಂತಿಯನ್ನು ಮತ್ತೆ ಜೋಡಿಸಿದ, ಇಳಿದ. ಅಷ್ಟರಲ್ಲಿ ಸುದ್ದಿ ಮುಗಿದಿತ್ತು.

ಮರುದಿನ ಬೆಳಗ್ಗೆ ಆ ಓಣಿಯ ಹೆಂಗಸರು ಎಂದಿನಂತೆ ಬೆತ್ತದ ಬುಟ್ಟಿಗಳಲ್ಲಿ ಬಿಸಿ ಅಂಟನ್ನ ತುಂಬಿಕೊಂಡು, ಚಪ್ಪಲಿ ಬಿಟ್ಟು, ರಸ್ತೆಯಂಚಿನ ಚಾಪೆಗಳ ಮೇಲೆ ಮೊಣಕಾಲೂರಿ ಕೂತರು. ದಿನಾ ಅನ್ನ ಸ್ವೀಕರಿಸಲು ಬರುವ ಬೌದ್ಧ ಭಿಕ್ಷುಗಳು ಬರಲಿಲ್ಲ. ಬಿಸಿಲು ಬಂತು, ನಾಯಿಗಳು ಬಂದವು, ಶಾಲೆಯ ವ್ಯಾನ್ ಬಂತು. ಪಕ್ಕದೂರಿನಲ್ಲಿ ಸಾವಾಗಿದೆ, ಭಿಕ್ಷುಗಳೆಲ್ಲ ನಸುಕಿಗೇ ಹೊರಟುಬಿಡುತ್ತಾರೆ, ನಾಳೆ ಯಾರೂ ಅನ್ನ ಹಿಡಿದು ಕಾಯಬೇಡಿ ಎಂದು ಹಿಂದಿನ ಸಂಜೆಯ ಸುದ್ದಿಯಲ್ಲಿ ಊರಿಗೆಲ್ಲ ಹೇಳಿಯಾಗಿತ್ತು. ಆ ಒಂದು ಓಣಿಗೆ ಮಾತ್ರ ಕೇಳಿಸಿರಲಿಲ್ಲ.

ಪಾನು ಮುಂದಿನ ಓಣಿಯಲ್ಲಿ ಏಣಿ ನಿಲ್ಲಿಸುತ್ತಿದ್ದಾಗ ಒಂದು ಸ್ಕೂಟರ್ ಬಂತು. ಅದರ ಮುಂದೆ, ಹಿಂದೆ, ಹ್ಯಾಂಡಲ್‌ನಲ್ಲಿ ಬುಟ್ಟಿಗಳು ತೂಗುತ್ತಿದ್ದವು. ನಡುವೆ ಪುರಸಭೆಯ ನೀಲಿ ಅಂಗಿ ತೊಟ್ಟ ಹೆಂಗಸು. ಬಾಯಿ ತೆರೆದದ್ದೇ ತಡ, ಯಾರೆಂದು ಅವನಿಗೆ ತಿಳಿಯಿತು.

"ನೀವೇನಾ ಲೈಟಿನವರು?"

ಹೌದೆಂದ. ಅವಳು ಬುಟ್ಟಿಗಳನ್ನು ಒಂದೊಂದಾಗಿ ಏಣಿಯ ಮೆಟ್ಟಿಲುಗಳಿಗೆ ತೂಗುಹಾಕಿದಳು. ಹಣೆಗೆ ಮುಟ್ಟಿಸಿ ಕೈಮುಗಿದ ಅನ್ನವನ್ನು ಮತ್ತೆ ಮನೆಯೊಳಗೆ ಒಯ್ಯುವುದಿಲ್ಲ, ಅದು ಬುನ್‌ಮಿ ದೊಡ್ಡಮ್ಮನ ಓಣಿಯ ಕಟ್ಟಳೆ ಎಂದಳು. ಭಿಕ್ಷುಗಳಿಲ್ಲ. ಆದ್ದರಿಂದ ತಂತಿ ಬಿಚ್ಚಿದವನೇ ತಿನ್ನಬೇಕೆಂದು ಓಣಿಗೆ ಹಿರಿಯಳಾದ ದೊಡ್ಡಮ್ಮನ ತೀರ್ಪು. ತಾನು ನಿಂತು ನೋಡಿ ವರದಿ ಕೊಡಬೇಕು.

ಅವನು ಏಣಿಯ ಕೆಳಮೆಟ್ಟಿಲ ಮೇಲೆ ಕೂತು ತಿಂದ. ಅಂಟನ್ನ, ಸುಟ್ಟ ಮೀನು, ಬೇಯಿಸಿದ ಮೊಟ್ಟೆ, ಮತ್ತೆ ಅಂಟನ್ನ. ಒಂದು ಮನೆಯ ಅನ್ನ ಮೆತ್ತಗೆ, ಇನ್ನೊಂದು ಮನೆಯದು ಗಟ್ಟಿ. ಅವಳು ಸ್ಕೂಟರಿಗೆ ಒರಗಿ ನಿಂತಿದ್ದಳು. ಅವನ ಕಣ್ಣು ನೋಡಲಿಲ್ಲ, ಕಿವಿ ನೋಡುತ್ತಿದ್ದಳು. ಅದು ಕೆಂಪಾಗುತ್ತಿರುವುದು ಅವನಿಗೇ ಗೊತ್ತಾಯಿತು.

"ನನ್ನ ಸ್ವರ ಅಷ್ಟು ಕೆಟ್ಟದಾಗಿತ್ತಾ?"

"ಸ್ವರ ಅಲ್ಲ, ಪೀ." ವಯಸ್ಸಿನಲ್ಲಿ ಅವಳು ತನಗಿಂತ ದೊಡ್ಡವಳೆಂದು ಅಂದಾಜಿಸಿ, ಅಕ್ಕ ಎಂಬರ್ಥದಲ್ಲಿ ಹಾಗೆ ಕರೆದಿದ್ದ. "ಇಡೀ ಊರಿಗೆ ಹೇಳೋದನ್ನ ನನ್ನೊಬ್ಬನ ಕಿವಿಗೆ ಹೇಳಿದ್ರಿ."

ಅವಳು ನಗಲಿಲ್ಲ. ಪೀ ಎಂದು ಕರೆಯುವಷ್ಟು ಮುದುಕಿಯ ಹಾಗೆ ಕಾಣ್ತೀನಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ತನ್ನ ಹೆಸರು ವಿಲೈ ಎಂದಳು. ಆಮೇಲೆ ಕೊನೆಯ ಬುಟ್ಟಿ ತೋರಿಸಿದಳು. "ಅದೂ ಇದೆ. ಮೆಣಸಿನಕಾಯಿ ಚಟ್ನಿ ದೊಡ್ಡಮ್ಮ ನಿಂಗೋಸ್ಕರಾನೇ ಹಾಕಿದ್ದು."

ಅಂದು ಸಂಜೆ ಧ್ವನಿವರ್ಧಕ ಸ್ವಲ್ಪ ಗೊರಗೊರ ಎಂದು, ನಂತರ ಹೇಳಿತು: "ಏಣಿಯ ಮೇಲಿರುವವರ ಗಮನಕ್ಕೆ. ಸುದ್ದಿ ಆರಂಭವಾಗಲಿದೆ. ಕಿವಿ ಮುಚ್ಚಿಕೊಳ್ಳಬಹುದು."

ಊರಿನಲ್ಲಿ ಏಣಿಯ ಮೇಲಿದ್ದವನು ಒಬ್ಬನೇ. ಅವನು ಮುಚ್ಚಿಕೊಳ್ಳಲಿಲ್ಲ.

ಮಳೆಗಾಲ ಹಾಗೆಯೇ ಹೋಯಿತು. ಹಳದಿ ದೀಪಗಳು ಒಂದೊಂದೇ ಓಣಿಯಿಂದ ಇಳಿದವು, ಬಿಳಿ ದೀಪಗಳು ಏರಿದವು. ವಿದ್ಯುತ್ ಉಳಿಸುವ ವರ್ಷ ಎಂದು ಪುರಸಭೆ ಘೋಷಿಸಿತ್ತು. ಯಾವ ಓಣಿಯ ಕರೆಂಟು ಬಿಲ್ಲು ಹೆಚ್ಚು ಇಳಿಯುತ್ತದೆಂದು ಸ್ಪರ್ಧೆ, ಶಾಲೆಯ ಮೈದಾನದಲ್ಲಿ ಹಳೇ ಬಟ್ಟೆಯ ಫ್ಯಾಶನ್ ಷೋ, ನಾಯಿಗಳಿಗೆ ಚುಚ್ಚುಮದ್ದು. ಎಲ್ಲವನ್ನೂ ವಿಲೈ ಒಂದೇ ಸಮತಟ್ಟಾದ ಸ್ವರದಲ್ಲಿ ಓದುತ್ತಿದ್ದಳು. ಸಂಜೆ ಸುದ್ದಿಯ ಹೊತ್ತಿಗೆ ಪಾನು ಹೇಗೋ ಧ್ವನಿವರ್ಧಕವಿರುವ ಕಂಬದ ಮೇಲೇ ಇರುತ್ತಿದ್ದ. ಆ ಕಂಬದಲ್ಲಿ ಕೆಲಸ ಮುಗಿದಿದ್ದರೂ.

ಊರು ಕುರುಡಲ್ಲ. ಬುನ್‌ಮಿ ದೊಡ್ಡಮ್ಮ ತನ್ನ ಮನೆಮುಂದಿನ ದೀಪದ ಬೆಳಕು ಗದ್ದೆಯ ಮೇಲೆ ಬೀಳುತ್ತೆ, ಭತ್ತಕ್ಕೆ ನಿದ್ದೆಯಿಲ್ಲ, ಹೂ ಬಿಡುತ್ತಿಲ್ಲ ಎಂದು ದೂರಿ ದೀಪಕ್ಕೆ ತಗಡಿನ ಮರೆ ಕಟ್ಟಿಸಿಕೊಂಡಳು. ಕಟ್ಟುವಾಗ ಕೆಳಗೆ ನಿಂತು ಕೇಳಿದಳು. "ಭತ್ತಕ್ಕೆ ಮರೆ ಕಟ್ಟಿದೆ. ನಿಂಗೆ ಯಾರು ಕಟ್ತಾರಪ್ಪಾ? ನೀನೂ ನಿದ್ದೆ ಮಾಡಿದ ಹಾಗೆ ಕಾಣಲ್ಲ."

ಬುಟ್ಟಿ ಹಿಂದಿರುಗಿಸುವ ನೆಪದಲ್ಲಿ ಅವನು ಪುರಸಭೆಗೆ ಹೋಗತೊಡಗಿದ್ದ. ಸುದ್ದಿ ಓದುವ ಕೋಣೆ ಒಂದು ಮೇಜು, ಒಂದು ಮೈಕು, ಸದ್ದು ಹೀರಲು ಗೋಡೆಗೆ ಬಡಿದ ಮೊಟ್ಟೆಯ ಟ್ರೇಗಳು. ಅಲ್ಲಿ ವಿಲೈ ಅವನಿಗೆ ಒಮ್ಮೆ ತನ್ನ ಕೆಲಸ ವಿವರಿಸಿದಳು. ಯಾರಾದರೂ ಸತ್ತರೆ ಕಚೇರಿಗೆ ಬರುವುದು ಉದ್ದನೆಯ ಹೆಸರು, ಹುಟ್ಟಿದಾಗ ಭಿಕ್ಷು ಇಟ್ಟದ್ದು. ಅದನ್ನು ಓದಿದರೆ ಯಾರು ಸತ್ತರೆಂದು ಯಾರಿಗೂ ಗೊತ್ತಾಗುವುದಿಲ್ಲ. ಊರಿಗೆ ಗೊತ್ತಿರುವುದು ಕಪ್ಪೆ, ಹಂದಿಮರಿ, ಗುಂಡ, ಕೆಂಪಿ ಎಂಬ ಅಡ್ಡಹೆಸರುಗಳು. ಆದ್ದರಿಂದ ಓದುವ ಮೊದಲು ಅವಳು ಆ ಮನೆಗೆ ಹೋಗಿ, ಕರೆಯುವ ಹೆಸರೇನೆಂದು ಕೇಳಿಕೊಂಡು ಬರುತ್ತಿದ್ದಳು. ಕೇಳಿದಾಗಲೇ ಆ ಮನೆಯವರು ಅಳುವುದು. ಅಲ್ಲಿಯವರೆಗೆ ಅಡುಗೆ, ಕುರ್ಚಿ, ಐಸು ಅಂತ ಓಡಾಡುತ್ತಿರುತ್ತಾರೆ.

"ಅದಕ್ಕೇನು ಸಂಬಳ ಇಲ್ಲ. ಸ್ಕೂಟರ್‌ಗೆ ಪೆಟ್ರೋಲೂ ನಂದೇ," ಎಂದಳು.

"ವಿಲೈ," ಎಂದ ಅವನು.

ಅವಳು ತಲೆ ಎತ್ತಿದಳು. "ಪೀ ಎಲ್ಲಿ ಹೋಯ್ತು?"

"ಏಣಿ ಮೇಲೆ ಮರೆತು ಬಂದೆ."

"ಹೋಗಿ ತಗೊಂಡು ಬಾ ಮತ್ತೆ." ಆದರೆ ಬುಟ್ಟಿಯನ್ನು ಅವನ ಕೈಯಿಂದ ತೆಗೆದುಕೊಳ್ಳಲು ಅವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು.

ಮಳೆ ನಿಂತ ಮೇಲೆ ದೀಪ ಆರಿಸುವ ಸಂಜೆ ಬಂತು. ಊರೆಲ್ಲ ಒಂದು ಗಂಟೆ ಕರೆಂಟು ಆರಿಸಿ ಶಾಲೆಯ ಮೈದಾನದಲ್ಲಿ ಕೂರಬೇಕು. ಅಧ್ಯಕ್ಷರ ಭಾಷಣ, ಸುಟ್ಟ ಕೋಳಿ, ಮೇಣದ ಬತ್ತಿ. ವಿಲೈ ವೇದಿಕೆಯ ಹಿಂದೆ ಬ್ಯಾಟರಿಯ ಮೈಕು ಹಿಡಿದು ನಿಂತಿದ್ದಳು. ಪಾನು ಅದರ ತಂತಿ ಹಿಡಿದಿದ್ದ, ಯಾರೂ ಹಿಡಿಯಲು ಹೇಳಿರಲಿಲ್ಲ. ಅವನೇ ಹಾಕಿದ ಹೊಸ ದೀಪಗಳು ಸಾಲಾಗಿ ಆರಿದವು. ಇಷ್ಟು ದಿನದ ಕೆಲಸ ಇಲ್ಲವಾದದ್ದನ್ನು ಅವನು ಸುಮ್ಮನೆ ನೋಡಿದ. ಕತ್ತಲೆಯಲ್ಲಿ ಒಂದು ಬೆರಳು ಬಂದು ಅವನ ಕಿವಿಯ ಅಂಚನ್ನು ಮುಟ್ಟಿತು.

"ಇನ್ನೂ ಕೇಳಿಸುತ್ತಾ?" ಎಂದಳು, ಮೈಕಿಲ್ಲದೆ.

ಕೇಳಿಸುತ್ತೆ ಎಂದ. ಬೆರಳು ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಅವಳು ವೇದಿಕೆ ಹತ್ತಿ, ಕೋಳಿಯ ಮೂಳೆಗಳನ್ನು ತೊಟ್ಟಿಯಲ್ಲೇ ಹಾಕಬೇಕೆಂದು ಊರನ್ನು ಕೇಳಿಕೊಂಡಳು.

ಆ ವಾರವೇ ಪುರಸಭೆಯ ಇನ್ನೊಂದು ತೀರ್ಮಾನ ಹೊರಬಿತ್ತು. ವಿದ್ಯುತ್ ಉಳಿತಾಯದ ಮುಂದಿನ ಹೆಜ್ಜೆಯಾಗಿ ಹೊಸ ವರ್ಷದಿಂದ ಧ್ವನಿವರ್ಧಕಗಳು ಇರುವುದಿಲ್ಲ. ಸುದ್ದಿ ಫೋನಿನ ಗುಂಪಿನಲ್ಲಿ ಬರುತ್ತದೆ. ಪಾನು ಇದನ್ನು ಗುತ್ತಿಗೆದಾರನ ಬಾಯಲ್ಲಿ ಕೇಳಿ, ಹೇಗೆ ಹೇಳುವುದೆಂದು ಒಂದು ಮಧ್ಯಾಹ್ನವಿಡೀ ಯೋಚಿಸಿ ಅವಳ ಕೋಣೆಗೆ ಹೋದ.

"ಗೊತ್ತು. ಬೆಳಗಿನ ಸುದ್ದಿಯಲ್ಲಿ ನಾನೇ ಓದಿದೆ," ಎಂದಳು ವಿಲೈ. "ನೀರು ಬರಲ್ಲ ಅನ್ನೋದಕ್ಕೂ ಹಾವು ಹಿಡಿಯೋರ ನಂಬರಿಗೂ ಮಧ್ಯೆ. ನೀನು ನೆಲದ ಮೇಲಿದ್ದೆ ಅನ್ಸುತ್ತೆ."

ಆಗ ಅವನು ಇಟ್ಟುಕೊಂಡಿದ್ದ ಮಾತು ಆಡಿದ. ನಾಳಿದ್ದಿಗೆ ದೀಪದ ಕೆಲಸ ಮುಗಿಯುತ್ತದೆ. ಅವನು ತನ್ನೂರು ಖೋರಾತಿಗೆ ಮರಳಬೇಕು. ಅಲ್ಲಿನ ದೊಡ್ಡ ಬಸ್ ನಿಲ್ದಾಣದಲ್ಲಿ ಅವನ ಚಿಕ್ಕಪ್ಪನಿದ್ದಾನೆ, ಅವರಿಗೆ ಒಂದು ಒಳ್ಳೆಯ ಸ್ವರ ಬೇಕು. ಊರುಗಳ ಹೆಸರು, ಪ್ಲಾಟ್‌ಫಾರ್ಮುಗಳ ಸಂಖ್ಯೆ ಒಮ್ಮೆ ಓದಿ ರೆಕಾರ್ಡ್ ಮಾಡಿದರೆ ಆಯಿತು, ಆಮೇಲೆ ಯಂತ್ರವೇ ಹೇಳಿಕೊಳ್ಳುತ್ತದೆ. ಅವಳಿಗೆ ಅಲ್ಲಿಯೇ ಕಚೇರಿಯ ಕೆಲಸ. ತಂಪಾದ ಕೋಣೆ. ಮನೆ ಹತ್ತಿರದಲ್ಲೇ ಸಿಗುತ್ತದೆ, ಇಬ್ಬರಿಗೆ ಸಾಕಾಗುವಂಥದ್ದು.

ವಿಲೈ ಮೈಕಿನ ಮೇಲಿನ ಧೂಳು ಒರೆಸಿದಳು. "ಇದು ಕೆಲಸದ ಮಾತಾ, ಮದುವೆ ಮಾತಾ?"

"ಎರಡೂ."

"ಅಲ್ಲಿ ಬಸ್ಸಿಗೆ ಕಾಯೋರು ಯಾರು ಅಂತ ನಂಗೆ ಗೊತ್ತಿರುತ್ತಾ?"

"ಗೊತ್ತಿರಬೇಕಾಗಿಲ್ಲ. ಅದೇ ಆರಾಮ."

ಅವಳು ಅವನನ್ನು ನೋಡಿದಳು, ಈ ಸಲ ಕಿವಿಯನ್ನಲ್ಲ. ಆ ನೋಟದಲ್ಲಿ ಇಷ್ಟವಿತ್ತು, ಅವನಿಗೆ ಅದು ಸಂಶಯವಿಲ್ಲದೆ ಕಂಡಿತು, ಅದಕ್ಕೇ ಹೆದರಿಕೆಯಾಯಿತು. ಪುರಸಭೆ ನಿಂತ ಕಾಲಲ್ಲಿ ಉತ್ತರ ಕೊಡುವುದಿಲ್ಲ, ನಾಳೆ ಸಂಜೆ ಸುದ್ದಿ ಕೇಳಬೇಕು ಎಂದಳು.

ಮರುದಿನ ಸಂಜೆ ಅವನು ಬುನ್‌ಮಿ ದೊಡ್ಡಮ್ಮನ ಓಣಿಯ ಕಂಬ ಹತ್ತಿದ. ಅಲ್ಲಿ ಮಾಡಲು ಏನೂ ಇರಲಿಲ್ಲ. ಗದ್ದೆಯಲ್ಲಿ ಭತ್ತ ಕೊನೆಗೂ ತೆನೆ ಬಿಟ್ಟಿತ್ತು. ಕೆಳಗೆ ಹೆಂಗಸರು ಒಬ್ಬೊಬ್ಬರಾಗಿ ಹೊರಬಂದು, ಬೇರೆ ಏನೋ ಕೆಲಸವಿರುವವರಂತೆ, ಕಂಬದ ಸುತ್ತ ನಿಂತರು.

ಧ್ವನಿವರ್ಧಕ ಗೊರಗೊರ ಎಂದಿತು. ಸಮಸ್ತ ಬಂಧುಗಳಿಗೆ ನಮಸ್ಕಾರ. ನಾಳೆ ಮಧ್ಯಾಹ್ನದವರೆಗೆ ನೀರು ಬರುವುದಿಲ್ಲ. ಮಾರುಕಟ್ಟೆಯ ಹಿಂದಿನ ಸೇತುವೆ ದುರಸ್ತಿಯಲ್ಲಿದೆ. ಕರೆಂಟು ಉಳಿತಾಯದ ಸ್ಪರ್ಧೆಯಲ್ಲಿ ಬುನ್‌ಮಿ ದೊಡ್ಡಮ್ಮನ ಓಣಿ ಗೆದ್ದಿದೆ. ಬಹುಮಾನ, ಕರೆಂಟಿನಲ್ಲಿ ಅನ್ನ ಮಾಡುವ ಪಾತ್ರೆ.

"ಇದ್ದಿಲ ಮೇಲೆ ಬೇಯಿಸಿ ಗೆದ್ದವರಿಗೆ ಕೊಡೋ ಬಹುಮಾನ ನೋಡು," ಎಂದಳು ದೊಡ್ಡಮ್ಮ, ಯಾರಿಗೂ ಅಲ್ಲ.

"ಹೊಸ ದೀಪಗಳನ್ನು ನೋಡಿಕೊಳ್ಳಲು ಪುರಸಭೆಗೆ ಒಬ್ಬ ಕೆಲಸಗಾರ ಬೇಕಾಗಿದ್ದಾನೆ," ಎಂದಿತು ಸ್ವರ, ಅದೇ ಸಮತಟ್ಟಿನಲ್ಲಿ. "ಸಂಬಳ ಕಡಿಮೆ. ಸ್ವಂತ ಏಣಿ ಇರಬೇಕು. ದೊಡ್ಡ ಸದ್ದಿಗೆ ಹೆದರುವವರು ಬರಬೇಕಾಗಿಲ್ಲ."

ಕಾಗದ ಮಗುಚಿದ ಸದ್ದು. ಊರಿನ ಎಲ್ಲ ಕಂಬಗಳಲ್ಲೂ ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. ಪಾನುವಿನ ಕೈ ತಂತಿಯ ಗಂಟಿನ ಮೇಲಿತ್ತು. ಬಿಚ್ಚಿದರೆ ಈ ಓಣಿಗಾದರೂ ಕೇಳಿಸುವುದಿಲ್ಲ, ತನಗೂ. ಅವನು ಕೈ ತೆಗೆದು ಕಂಬವನ್ನು ಹಿಡಿದುಕೊಂಡ, ಕಿವಿಯನ್ನು ಹತ್ತಿರ ತಂದ.

"ಕೊನೆಯದಾಗಿ, ಏಣಿಯ ಮೇಲಿರುವವರ ಗಮನಕ್ಕೆ. ಖೋರಾತಿನ ವಿಷಯ. ನಾನು ಬರುವುದಿಲ್ಲ."