ಹೊಟ್ಟೆನೋವಿನ ನಟ

"ಅಯ್ಯೋ... ಸತ್ತೆ!"

ಹಾಸಿಗೆಯ ಮೇಲಿದ್ದವನು ಚೀರಿದ ರಭಸಕ್ಕೆ ಅವಳು ಬೆಚ್ಚಿ ಅವನ ಹೊಟ್ಟೆಯ ಮೇಲಿಂದ ಕೈ ತೆಗೆದಳು.

ನಿಜಕ್ಕೂ ಅವನಿಗೆ ಯಾವ ರೋಗವೂ ಇರಲಿಲ್ಲ. ಅವನು ನಾಟಕದವನು. ವೈದ್ಯರ ಪರವಾನಗಿ ಪರೀಕ್ಷೆಗೆ ತಯಾರು ಮಾಡುವ ಆ ತರಬೇತಿ ಕೇಂದ್ರದಲ್ಲಿ ರೋಗಿಯಾಗಿ ನಟಿಸಿ, ಕೊನೆಗೆ ಅಂಕ ಕೊಡುವುದು ಅವನ ಕೆಲಸ.

ಅವಳು ಪರದೇಶದಲ್ಲಿ ವೈದ್ಯಕೀಯ ಓದಿ ಬಂದವಳು. ಈ ಪರೀಕ್ಷೆ ಪಾಸಾಗದೆ ಸ್ವಂತ ನೆಲದಲ್ಲಿ ಒಂದು ಮಾತ್ರೆಯನ್ನೂ ಬರೆದುಕೊಡುವಂತಿಲ್ಲ. ಎರಡು ಸಲ ಡುಮ್ಕಿ ಹೊಡೆದಾಗಿತ್ತು.

"ಇದೇ ಕೊನೆ. ಆಮೇಲೆ ನಾನು ತೋರಿಸಿದ ಹುಡುಗನ್ನ ಕಟ್ಕೊಂಡು ತೆಪ್ಪಗಿರ್ಬೇಕು" ಎಂದು ಅಣ್ಣ ಫರ್ಮಾನು ಹೊರಡಿಸಿದ್ದ.

ಅವನು ಕೊಟ್ಟ ಅಂಕ ಬಂತು. ಹತ್ತಕ್ಕೆ ಮೂರು!

"ಈ ಸಲ ಕೂರ್ಬೇಡಮ್ಮ, ಮತ್ತೆ ಹೋಗುತ್ತೆ" ಎಂದರು ತರಬೇತಿ ಮೇಷ್ಟ್ರು.

ಅವಳಿಗೆ ಮೈಯೆಲ್ಲ ಉರಿಯಿತು. ಕಾರಿಡಾರಿನಲ್ಲಿ ಆ ನಟನನ್ನು ಅಡ್ಡಗಟ್ಟಿದಳು.

"ಅಪೆಂಡಿಕ್ಸ್ ಅಂತ ಸರಿಯಾಗೇ ಹೇಳಿದೆ ತಾನೇ? ನನ್ನ ಮೇಲೆ ನಿಮಗೇನ್ರೀ ಹಗೆ?"

"ಹೊಟ್ಟೆ ಒತ್ತುವಾಗ ಒಂದ್ಸಲನಾದ್ರೂ ನನ್ನ ಮುಖ ನೋಡಿದ್ರಾ? ಕಿರುಚೋಕೆ ಮುಂಚೆ ಎಷ್ಟು ಹಲ್ಲು ಕಚ್ಚಿದೆ! ನೀವು ತಲೆ ಎತ್ಲೇ ಇಲ್ಲ."

ಓದಿದ ಊರಿನಲ್ಲಿ ರೋಗಿಗಳ ಭಾಷೆ ಅವಳಿಗೆ ಅರೆಬರೆ. ಮುಖ ನೋಡಿದರೆ ಏನಾದರೂ ಕೇಳಿಬಿಡುತ್ತಾರೆ, ಉತ್ತರ ಬಾರದೆ ಮಾನ ಹೋಗುತ್ತದೆ... ಆ ಭಯಕ್ಕೆ ತಲೆ ತಗ್ಗಿಸಿಯೇ ಪರೀಕ್ಷಿಸುವುದು ರೂಢಿಯಾಗಿತ್ತು. ಯಾರಿಗೂ ಹೇಳದ ಇದನ್ನು ಇವನಿಗೆ ಹೇಳಿಬಿಟ್ಟಳು. ಹೇಳಿ, ಅತ್ತೂಬಿಟ್ಟಳು.

"ಹಾಗಾದ್ರೆ ಈ ಸಲ ಬಿಟ್ಬಿಡ್ತೀರಾ?" ಅವನು ಮೆಲ್ಲಗೆ ಕೇಳಿದ.

"ಬಿಡೋದಾ? ತಲೆ ಕೆಳಗಾದ್ರೂ ಬಿಡಲ್ಲ! ನಾಳೆ ಕ್ಲಾಸಿಗೆ ಮುಂಚೆ ಬನ್ನಿ. ಬಂದು ಮಲ್ಕೊಳ್ಳಿ!"

ಅವನು ಬಂದ. ದಿನಕ್ಕೊಂದು ನೋವು ತಂದ. ಕಿಡ್ನಿ ಕಲ್ಲು, ಪಿತ್ತಕೋಶ, ಅಲ್ಸರ್...

"ಇವತ್ತು ಬರೀ ಗ್ಯಾಸು ರೀ! ನೀವು ಆಪರೇಷನ್‌ಗೇ ಹಾಕ್ಬಿಟ್ರಿ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಖ ನೋಡುವುದು ಅವಳಿಗೆ ಅಭ್ಯಾಸವಾಯಿತು. ಆದರೆ ಪಾಠ ಮುಗಿದ ಮೇಲೂ ನೋಡುವುದು ನಿಲ್ಲಲಿಲ್ಲವಲ್ಲ... ಅದಕ್ಕೇನು ಮದ್ದು? ಅವನೋ, ಕೆಲಸದ ಮಾತು ಬಿಟ್ಟು ಒಂದಕ್ಷರ ಆಚೆ ಹೋಗುತ್ತಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಅಣ್ಣನ ಫೋನು.

"ಮೇಷ್ಟ್ರೇ ಬೇಡ ಅಂದ್ಮೇಲೆ ಯಾಕೇ ಈ ಹಟ?"

"ಬಿದ್ರೆ ಒಡೆಯೋದು ನನ್ನ ಮೂಗು ಅಣ್ಣ, ನಿಂದಲ್ಲ. ಮತ್ತೆ, ಆ ಹುಡುಗನಿಗೆ ಬೇರೆ ಹುಡುಗಿ ನೋಡ್ಕೊಳ್ಳೋಕೆ ಹೇಳು!"

ಹೋಗಿ ಪರೀಕ್ಷೆ ಕೊಟ್ಟು ಬಂದಳು.

ಫಲಿತಾಂಶದ ದಿನ ನೇರ ನಾಟಕಮಂದಿರದ ಹಿಂದಿನ ಕೋಣೆಗೆ ನುಗ್ಗಿದಳು. ಅವನು ಕನ್ನಡಿ ಮುಂದೆ ಕೂತು ಗಡ್ಡ ಅಂಟಿಸಿಕೊಳ್ಳುತ್ತಿದ್ದ.

"ರಿಸಲ್ಟ್ ಬಂತಾ?"

"ಫೋನಲ್ಲಿದೆ. ಇನ್ನೂ ತೆಗೆದಿಲ್ಲ."

"ಯಾಕೆ?"

"ಪಾಸಾದ್ಮೇಲೆ ಹೇಳಿದ್ರೆ ಖುಷಿಗೆ ಹೇಳಿದ್ಲು ಅಂತೀರ. ಫೇಲಾದ್ಮೇಲೆ ಹೇಳಿದ್ರೆ ಆಸರೆಗೆ ಹೇಳಿದ್ಲು ಅಂತೀರ. ಅದಕ್ಕೇ ಈಗ್ಲೇ ಹೇಳ್ತೀನಿ. ನೀವಂದ್ರೆ ನಂಗಿಷ್ಟ!"

ಅರ್ಧ ಗಡ್ಡ ಅವನ ಕೈಯಲ್ಲೇ ಉಳಿಯಿತು.

"ಅಂಕ ಕೊಡೋನು ಬಾಯಿ ಬಿಡಬಾರದು ಅಂತ ಸುಮ್ಮನಿದ್ದೆ" ಅವನು ಅದನ್ನು ಕೆಳಗಿಟ್ಟು ಅವಳ ಕಡೆ ತಿರುಗಿದ. "ಮನಸ್ಸಲ್ಲಿ ಏನೂ ಇಲ್ಲದವನ ಹಾಗೆ ನಟಿಸೋದಿದೆಯಲ್ಲ... ಹೊಟ್ಟೆನೋವಿಗಿಂತ ಕಷ್ಟ ರೀ!"

ಅವಳು ಫೋನು ತೆರೆದಳು. ನೋಡಿದಳು. ಇನ್ನೊಮ್ಮೆ ನೋಡಿದಳು. ಪಾಸು! ಕುರ್ಚಿಗೆ ಕುಸಿದು ಬಿಕ್ಕಿದಳು. ಅವನು ಅವಳ ಕೈ ಹಿಡಿದುಕೊಂಡ.

"ಅಣ್ಣಂಗೆ ಫೋನ್ ಮಾಡಿ."

"ಮಾಡ್ತೀನಿ. ಎರಡೂ ಹೇಳ್ತೀನಿ."

"ಮೊದಲು ಯಾವುದು?"

"ನಿಮ್ಮದು. ಮೊದಲೇ ಪಾಸಾದೆ ಅಂದ್ರೆ ಅಣ್ಣ ಕರಗಿ ನೀರಾಗ್ಬಿಡ್ತಾನೆ... ಆಮೇಲೆ ನಿಮಗೋಸ್ಕರ ಜಗಳ ಆಡೋಕೆ ನಂಗೆ ಯಾರು ಸಿಗ್ತಾರೆ?"