ಶ್ರೀಗೊಂದು ದೀರ್ಘ

ಧರ್ಮೇಶ ಮೊದಲ ದಿನವೇ ನನ್ನ ಹೆಸರನ್ನು ತಪ್ಪಾಗಿ ಬರೆದ. ಅವನ ರಿಪೇರಿ ರಿಜಿಸ್ಟರಿನಲ್ಲಿ ‘ದಿವ್ಯಶ್ರಿ’ ಎಂದಿತ್ತು. ಕೊನೆಯ ಅಕ್ಷರಕ್ಕೆ ದೀರ್ಘವೇ ಇಲ್ಲ.

“ನಿಮ್ಗೆ ದೀರ್ಘ ಅಂದ್ರೆ ಅಲರ್ಜಿನಾ?” ಎಂದು ಕೇಳಿದೆ.

“ಇಷ್ಟುದ್ದ ಹೆಸ್ರು ಮೇಡಂ, ಕೊನೆಗೆ ಬರೋ ಹೊತ್ಗೆ ಉಸಿರೇ ಸಾಲಲ್ಲ,” ಅಂದ. ತುಟಿ ನಗಲಿಲ್ಲ. ಕನ್ನಡಕದ ಮೇಲಿಂದ ಮಾತ್ರ ಒಂದು ಸಲ ನೋಡಿ, ಮತ್ತೆ ಕೀಬೋರ್ಡಿಗೆ ತಲೆ ಬಗ್ಗಿಸಿದ.

ಕುಶಾಲನಗರದಲ್ಲಿ ದೇರಪ್ಪ ಮಾಸ್ಟ್ರು ಕೊಡಗಿನ ಗೌಡರಾಡುವ ಅರೆಭಾಷೆಯ ನಿಘಂಟು ಮಾಡುತ್ತಿದ್ದಾರೆ. ಟೈಪ್ ಮಾಡುವವಳು, ಕರಡು ತಿದ್ದುವವಳು ಎಲ್ಲ ನಾನೇ. ಹನ್ನೆರಡು ವರ್ಷದ ಫೈಲುಗಳು. ಒಂದು ಪದ ಯಾವುದರಲ್ಲಿದೆ ಎಂದು ಹುಡುಕುವಷ್ಟರಲ್ಲಿ ಸಾಕೋ ಸಾಕಾಗುತ್ತಿತ್ತು. ಶಿರಂಗಾಲದ ಧರ್ಮೇಶನಿಗೆ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಮಾಸ್ಟ್ರು ಅವನನ್ನು ಕರೆಸಿದರು.

ಮೂರು ವಾರ ಬಂದ. ಹುಡುಕುವ ಪ್ರೋಗ್ರಾಮ್ ಹಾಕಿದ. ಅಷ್ಟಕ್ಕೇ ಬಿಡದೆ, ಫೈಲು ತೋರಿಸುವ ವ್ಯೂಯರಿಗೂ ತಿದ್ದುವ ಎಡಿಟರಿಗೂ ಅದನ್ನು ಜೋಡಿಸಿದ. ಪದ ಕೊಟ್ಟರೆ ಪಟ್ಟಿ ಬರುತ್ತಿತ್ತು. ಕ್ಲಿಕ್ ಮಾಡಿದರೆ ಪುಟ ತೆರೆದು ಆ ಪದವೊಂದೇ ಹಳದಿಯಾಗಿ ಕಾಣುತ್ತಿತ್ತು. ಇನ್ನೊಂದು ಕೀ ಒತ್ತಿದರೆ ಎಡಿಟರಿನಲ್ಲಿ ಕರ್ಸರ್ ನೇರ ಅದೇ ಸಾಲಿಗೆ ಬಂದು ನಿಲ್ಲುತ್ತಿತ್ತು.

ಅವನು ಪರೀಕ್ಷೆಗೆ ಹಾಕುತ್ತಿದ್ದದ್ದು ಯಾವಾಗಲೂ ಒಂದೇ ಪದ, ‘ಗೂಡೆ’. ಅರೆಭಾಷೆಯಲ್ಲಿ ಹುಡುಗಿ ಎಂದರ್ಥ. ಸಿಕ್ಕಿತಾ ಎಂದು ಮಾಸ್ಟ್ರು ಒಳಗಿನಿಂದ ಕೇಳಿದರೆ, ನನ್ನನ್ನೇ ನೋಡುತ್ತಾ “ಸಿಕ್ತು ಸಾರ್” ಅನ್ನುತ್ತಿದ್ದ. ನನ್ನ ಕಿವಿ ಬಿಸಿಯಾಗುತ್ತಿತ್ತು. ಇವನೇ ನನಗೆ ಬೇಕು ಅನ್ನಿಸಿದ್ದು ಆಗಲೇ. ಆದರೆ ನಾನಾಗಿ ಬಾಯಿಬಿಡುವ ಜಾಯಮಾನ ನನ್ನದಲ್ಲ.

ಕೆಲಸ ಮುಗಿದ ಶುಕ್ರವಾರ ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತ.

“ಮೇಡಂ, ಬಾಯಲ್ಲಿ ಹೇಳಕ್ಕೆ ಆಗ್ತಿಲ್ಲ. ಒಂದು ಫೈಲಲ್ಲಿ ಬರ್ದಿಟ್ಟಿದ್ದೀನಿ. ನಿಮ್ಮ ಹೆಸ್ರು ಹುಡ್ಕಿ, ಸಿಗ್ತದೆ.”

ಅವನ ಬೈಕು ತಿರುವು ದಾಟುವ ಮೊದಲೇ ಹುಡುಕಿದೆ. ದಿವ್ಯಶ್ರೀ. ಸೊನ್ನೆ. ಇನ್ನೊಂದು ಸಲ. ಸೊನ್ನೆ. ಬರೀ ‘ದಿವ್ಯ’ ಎಂದು ಹಾಕಿದ್ದರೂ ಸಾಕಿತ್ತು. ಆದರೆ ನಾನು ಅರ್ಧ ಹೆಸರಿಗೆ ಓಗೊಟ್ಟವಳೇ ಅಲ್ಲ. ನನ್ನನ್ನು ಆಟ ಆಡಿಸಿದ್ದಾನೆ ಎಂದು ಮೈಯೆಲ್ಲ ಉರಿಯಿತು.

ಸೋಮವಾರ ಬಂದು, ಅದೇ ಫೈಲುಗಳು ತೆರೆಯುವ ಮಾಸ್ಟ್ರ ಕಂಪ್ಯೂಟರಿನಲ್ಲಿ ಏನೋ ತೆರೆದು ನೋಡಿದ. ನಾನು ತಲೆ ಎತ್ತಲಿಲ್ಲ. ಹೋಗಲಾ ಎಂದು ಮೆಲ್ಲಗೆ ಕೇಳಿದ. ಹೋಗಿ ಎಂದೆ.

ಆರು ತಿಂಗಳ ಮೇಲೆ ಮೊನ್ನೆ ಮತ್ತೆ ಬಂದ, ಮದುವೆ ಕಾರ್ಡ್ ಹಿಡಿದುಕೊಂಡು. ಹುಡುಗಿ ಪಿರಿಯಾಪಟ್ಟಣದ ಕಡೆಯವಳು, ಹೆಸರು ಅನುಶ್ರೀ. ಮಾಸ್ಟ್ರು ಊಟಕ್ಕೆ ಹೋಗಿದ್ದರು. ನನ್ನ ಕವರಿನ ಮೇಲೆ ಅವನದೇ ಅಕ್ಷರದಲ್ಲಿ ‘ದಿವ್ಯಶ್ರೀ’ ಎಂದಿತ್ತು. ನೆಟ್ಟಗೆ, ದೀರ್ಘದ ಸಮೇತ.

ಅಂತೂ ಕಲಿತಿರಲ್ಲ ಎಂದು ಕೆಣಕಿದೆ. ಎದೆಯೊಳಗೆ ಏನಾಗುತ್ತಿದೆ ಎಂದು ಅವನಿಗೆ ಗೊತ್ತಾಗಬಾರದಿತ್ತು.

“ಅವಳ ಹೆಸ್ರಲ್ಲೂ ಶ್ರೀ ಇದ್ಯಲ್ಲ ಮೇಡಂ. ಕಾರ್ಡ್ ಮಾಡ್ಸುವಾಗ ಪ್ರೆಸ್ಸಿನವ್ರು ತಿದ್ದಿದ್ರು. ಅಲ್ಲಿವರ್ಗೂ ನಾನು ಗಿಡ್ಡ ಶ್ರಿನೇ ಬರೀತಿದ್ದಿದ್ದು.”

ನನ್ನ ಕೈ ತಾನಾಗಿ ಕೀಬೋರ್ಡಿಗೆ ಹೋಯಿತು. ಬದುಕಿನಲ್ಲಿ ಮೊದಲ ಸಲ ನನ್ನ ಹೆಸರನ್ನು ನಾನೇ ತಪ್ಪಾಗಿ ಬರೆದೆ. ದಿವ್ಯಶ್ರಿ. ಒಂದು ಫೈಲು ಸಿಕ್ಕಿತು. ಕ್ಲಿಕ್ ಮಾಡಿದೆ.

‘ದಿವ್ಯಶ್ರಿ, ನನಗೆ ನೀವಂದ್ರೆ ತುಂಬಾ ಇಷ್ಟ. ಮನೆಯಲ್ಲಿ ಹುಡುಗಿ ನೋಡ್ತಿದ್ದಾರೆ. ನಿಮಗೂ ಇಷ್ಟ ಇದ್ದರೆ ಕೆಳಗಿನ ಖಾಲಿ ಸಾಲಲ್ಲಿ ಹೂಂ ಅಂತ ಬರೀರಿ. ಸೋಮವಾರ ಬಂದು ನೋಡ್ತೇನೆ. ಖಾಲಿ ಇದ್ದರೆ ಮತ್ತೆ ಕೇಳಿ ತೊಂದರೆ ಕೊಡಲ್ಲ.’

ಅವನು ನನ್ನ ಕುರ್ಚಿಯ ಹಿಂದೆ ನಿಂತಿದ್ದ.

“ಅವತ್ತು ಓದ್ಲೇ ಇಲ್ವಾ?”

“ಈಗ ಓದ್ದೆ.”

ಕೈಯಲ್ಲಿದ್ದ ಉಳಿದ ಕಾರ್ಡುಗಳನ್ನು ಅವನು ಒಂದರ ಮೇಲೊಂದು ಜೋಡಿಸಿದ.

“ಓದಿದ್ರೆ ಏನು ಬರೀತಿದ್ರಿ?”

ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ. ಪಿರಿಯಾಪಟ್ಟಣದಲ್ಲಿ ಒಬ್ಬಳು ಸೀರೆ ಆರಿಸುತ್ತಿರಬಹುದು.

“ಅನುಶ್ರೀ ಹೆಸ್ರನ್ನ ಯಾವತ್ತೂ ತಪ್ಪು ಬರೀಬೇಡಿ ಧರ್ಮೇಶ್,” ಎಂದೆ.

ತಲೆಯಾಡಿಸಿ ಹೋದ. ಬೈಕಿನ ಸದ್ದು ಅಡಗುವವರೆಗೆ ಕಾದೆ.

ಆಮೇಲೆ ಅವನೇ ಹೇಳಿಕೊಟ್ಟಿದ್ದ ಕೀ ಒತ್ತಿದೆ. ಕರ್ಸರ್ ಅದೇ ಸಾಲಿಗೆ ಬಂದು ನಿಂತಿತು. ಹೆಸರನ್ನು ತಿದ್ದಿದೆ. ಕೆಳಗೆ ಅವನು ನನಗೆಂದು ಬಿಟ್ಟಿದ್ದ ಖಾಲಿ ಸಾಲಿನಲ್ಲಿ ‘ಹೂಂ’ ಎಂದು ಬರೆದೆ. ಕಣ್ಣು ಮಂಜಾಗಿ ಅಕ್ಷರ ಕಾಣದೇ ಹೋಗುವವರೆಗೆ ಅದನ್ನೇ ನೋಡಿದೆ.

ಮುಚ್ಚುವಾಗ, ಬದಲಾವಣೆ ಸೇವ್ ಮಾಡಲೇ ಎಂದು ಎಡಿಟರ್ ಕೇಳಿತು.

ಬೇಡ ಎಂದು ಒತ್ತಿದೆ.